ಸಿಡಿಲಣ್ಣನಿಗೆ ಮಂಗಳಾರತಿ

ಈ ವರ್ಷ ನಮ್ಮ ಬೀದಿಯ ಗಣಪ ಸಿಡಿಲಣ್ಣನ ವೇಷದಲ್ಲಿ ಬಂದಿದ್ದ. ಕಾಮಿಕ್ಸ್ ಪುಸ್ತಕದಲ್ಲಿ ಹುಟ್ಟಿ, ಸ್ಕೂಲ್ ಬ್ಯಾಗು, ಬಿಸ್ಕತ್ತಿನ ಪೊಟ್ಟಣ, ಆಟೋದ ಬೆನ್ನು, ಸಿನಿಮಾ ಎಂದು ಎಲ್ಲ ಕಡೆ ಹಾರಾಡುತ್ತಿರುವ ಅದೇ ಸಿಡಿಲಣ್ಣ. ಗಣಪನ ಕಣ್ಣಿಗೆ ನೀಲಿ ಪಟ್ಟಿ, ಹೆಗಲಿಂದ ಇಳಿದ ಹಳದಿ ಶಲ್ಯ, ಎದೆಯ ಮೇಲೆ ಸಿಡಿಲಿನ ಗುರುತು, ಸೊಂಟಕ್ಕೆ ಕೆಂಪು ಚಡ್ಡಿ.

ಪೆಂಡಾಲಿನತ್ತ ಎಂದೂ ತಲೆಹಾಕಿಯೂ ಮಲಗದ ಮೂಲೆಮನೆಯ ಪರಮಶಿವಯ್ಯನವರು ಮಂಗಳಾರತಿಯ ಹೊತ್ತಿಗೆ ಸರಿಯಾಗಿ ನುಗ್ಗಿ ಬಂದರು.

“ತೆಗೀರಿ ಆ ವೇಷಾನ. ಮಾನ ಮರ್ಯಾದೆ ಇದೆಯೇನ್ರೋ ನಿಮಗೆ?”

“ಹಾಗೆ ಹೇಳಿ, ದೇವರಿಗೆ ಯಾರಾದ್ರೂ ಚಡ್ಡಿ ಹಾಕ್ತಾರಾ?” ಎಂದು ಎದುರುಮನೆಯಾಕೆ ದನಿಗೂಡಿಸಿದಳು.

“ನೀವು ಸುಮ್ನಿರಿ ತಾಯಿ,” ಎಂದು ಅವಳ ಮೇಲೂ ಸಿಡುಕಿದರು.

ಸಂಘದ ಅಧ್ಯಕ್ಷ ಲೋಹಿತ್ ಮುಂದೆ ಬಂದು ಅವರ ಕೈ ಹಿಡಿದ. “ಕೂಗಾಡಬೇಡಿ ತಾತ. ನಮ್ಮಪ್ಪ ಓದಿದ್ದೂ ಇವನ ಕತೇನೇ, ನನ್ನ ಮಗಳು ನೋಡೋದೂ ಇವನ ಕಾರ್ಟೂನೇ. ಜನ ಹೇಗೆ ಅಡ್ಡ ಬೀಳ್ತಿದ್ದಾರೆ ನೋಡಿ.”

“ಅದನ್ನ ನೋಡೇ ಮೈ ಉರೀತಿರೋದು. ಅವನ ಮುಂದೆ ಕಾಯಿ ಒಡೆದು ಆರತಿ ಬೇರೆ ಎತ್ತುತೀರಾ?”

“ಒಳಗಿರೋದು ಗಣಪನೇ ಅಲ್ವಾ? ಗಣಪನಿಗೆ ಇದರಲ್ಲಿ ಏನು ಅವಮಾನ ಆಯ್ತು?”

ಪರಮಶಿವಯ್ಯನವರು ಕೈ ಕೊಸರಿಕೊಂಡರು.

“ಗಣಪನ ಮಾತು ಯಾರು ಆಡಿದ್ರೋ? ಸಿಡಿಲಣ್ಣನ ಚಿತ್ರ ಮೊದಲು ಬರೆದೋನು ನಾನು. ಕಾಲಿಗೆ ಬಿದ್ದೋರನ್ನ ರಟ್ಟೆ ಹಿಡಿದು ಎಬ್ಬಿಸಲಿ ಅಂತ ಅವನನ್ನ ಹುಟ್ಟಿಸಿದೆ, ನೀವು ಅವನ ಕಾಲಿಗೇ ಬೀಳ್ತಿದ್ದೀರಲ್ಲ.”