ಹತ್ತು ಹೆಜ್ಜೆಯೊಳಗೆ

ಬೆಳಗ್ಗೆ ಒಂಬತ್ತೂವರೆಗೆ ಮೇಷ್ಟ್ರು ಹಲ್ಲಿನ ಡಾಕ್ಟರ ಇಂಟರ್‌ನೆಟ್ ಕಿತ್ತುಕೊಂಡರು.

ಅಪರಾಧವೇನು ಸಣ್ಣದಲ್ಲ. ಪ್ರವಾಸದ ಬಸ್ಸಿನಲ್ಲಿ ಡಾಕ್ಟರು, ಎಲ್ಲರೆದುರಿಗೆ, "ಅದು ಉತ್ತರ ಅಲ್ಲ ಸಾರ್, ಪಶ್ಚಿಮ" ಎಂದುಬಿಟ್ಟಿದ್ದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರಿಗೆ ದಿಕ್ಕು ತೋರಿಸುವುದೇ? ಮೇಷ್ಟ್ರು ವಾದಕ್ಕಿಳಿಯಲಿಲ್ಲ. ಕನ್ನಡಕ ಹಣೆಗೇರಿಸಿ, ಫೋನು ತೆಗೆದು, ಹಾಟ್‌ಸ್ಪಾಟ್ ಪಟ್ಟಿಯಿಂದ ಡಾಕ್ಟರನ್ನು ಅಳಿಸಿಹಾಕಿದರು.

"ಅಯ್ಯೋ, ಹೋಯ್ತಲ್ಲ!" ಡಾಕ್ಟರು ಫೋನು ಎತ್ತಿ ಅಲ್ಲಾಡಿಸಿದರು. "ಸಾರ್, ಉತ್ತರವೇ. ನಾನೇ ತಿರುಗಿ ಕೂತಿದ್ದೆ."

ಹತ್ತು ನಿಮಿಷ ಕಾಯಿಸಿ ಮೇಷ್ಟ್ರು ಕ್ಷಮಿಸಿದರು.

ಈ ಅಧಿಕಾರ ಅವರ ಕೈಗೆ ಬಂದದ್ದು ಪರದೇಶದಲ್ಲಿ ಇಳಿದ ದಿನವೇ. ವಿಮಾನ ನಿಲ್ದಾಣದಲ್ಲಿ ಗೈಡಮ್ಮ ಮುಖ ಸಪ್ಪೆ ಮಾಡಿಕೊಂಡು, "ನಮ್ಮ ಕಂಪನಿ ಕೊಡಬೇಕಾಗಿದ್ದ ಸಿಮ್ಮು ಬಂದಿಲ್ಲ. ಯಾರ ಫೋನಲ್ಲಾದ್ರೂ ರೋಮಿಂಗ್ ಪ್ಯಾಕ್ ಇದೆಯಾ?" ಎಂದು ಕೇಳಿದ್ದಳು. ಹತ್ತು ಜನರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಮೇಷ್ಟ್ರೊಬ್ಬರೇ ಕೈಯೆತ್ತಿದರು. ಮಂಡಿನೋವೆಂದು ಮನೆಯಲ್ಲೇ ಉಳಿದ ಹೆಂಡತಿ, ಹೊರಡುವಾಗ ಹೇಳಿದ್ದಳು: "ದೊಡ್ಡ ಪ್ಯಾಕು ಹಾಕ್ಸಿದ್ದೀನಿ. ಧಾರಾಳವಾಗಿ ಹಂಚಿ."

"ಹಾಗಾದ್ರೆ ನಮಗೆ ನೀವೇ ಗತಿ ಸಾರ್," ಎಂದಳು ಗೈಡಮ್ಮ. "ನೀವು ಹತ್ತು ಹೆಜ್ಜೆ ಆಚೆ ಹೋದ್ರೂ ನಾವೆಲ್ಲ ಕುರುಡರು."

ಅಂದಿನಿಂದ ಮೇಷ್ಟ್ರು ಕದಲಲಿಲ್ಲ. ಅವರ ಮಟ್ಟಿಗೆ ಇದು ತಪಸ್ಸೇ. ಹೊಸ ಬೀದಿ ಕಂಡರೆ ಸಾಕು, ಅವರ ಕಾಲು ತಾನಾಗಿ ಆ ಕಡೆ ತಿರುಗುತ್ತಿತ್ತು. ದಾರಿ ಕೇಳುವುದೆಂದರೆ ಭೂಗೋಳಕ್ಕೇ ಅವಮಾನ. ಸ್ವಂತ ಮಗಳ ಮದುವೆಯ ದಿನ ಗಾಳಿಗೆಂದು ಹಿಂಬಾಗಿಲಿಂದ ಹೊರಟವರು, ಪಕ್ಕದ ಛತ್ರದ ಮದುವೆಯಲ್ಲಿ ಉಂಡು, ಉಡುಗೊರೆಯನ್ನೂ ಕೊಟ್ಟು ಬಂದಿದ್ದರು. ಇಲ್ಲಿ ಮಾತ್ರ ಮ್ಯೂಸಿಯಮ್ಮಿನ ನಟ್ಟನಡುವೆ ಕಂಬದಂತೆ ನಿಂತು, ಗಂಟೆಗೊಮ್ಮೆ "ಬರ್ತಿದೆಯಾ?" ಎನ್ನುತ್ತಿದ್ದರು. "ಜೋರಾಗಿ ಬರ್ತಿದೆ ಸಾರ್!" ಎಂದು ಸುತ್ತಲಿಂದ ಒಕ್ಕೊರಲು.

ಕಾನೂನು ಬಿಗಿಯಾಗಿತ್ತು. ವಿಡಿಯೊ ನೋಡುವಂತಿಲ್ಲ. ಹೊಸದಾಗಿ ಮದುವೆಯಾದ ಜೋಡಿಗೆ ದಿನಕ್ಕೆ ಎರಡೇ ಫೋಟೊ, ಅದೂ ಅಂತರ ಬಿಟ್ಟು ನಿಂತದ್ದು. ಬೇಕರಿ ನಡೆಸುವ ಅಕ್ಕತಂಗಿಯರು ಸರದಿಯ ಮೇಲೆ ಮೇಷ್ಟ್ರ ಚೀಲ ಹೊರುತ್ತಿದ್ದರು. ಪ್ರಜೆಗಳಿಗೆ ಕೊರತೆಯಾಗಬಾರದೆಂದು ಮೇಷ್ಟ್ರು ಹಗಲೆಲ್ಲ ತಾವು ಡೇಟಾ ಮುಟ್ಟುತ್ತಿರಲಿಲ್ಲ. ಸಂಜೆ ಹೋಟೆಲಿನ ವೈಫೈಯಲ್ಲಿ ಹೆಂಡತಿಗೆ ವರದಿ.

"ಹತ್ತು ಜನ ಹೀರ್ತಿದ್ದಾರೆ, ಫೋನು ಬೆಚ್ಚಗೂ ಆಗಿಲ್ಲ ಕಣೇ!"

"ಒಳ್ಳೇ ಪ್ಯಾಕು ಅಲ್ವಾ ಮತ್ತೆ," ಎನ್ನುತ್ತಿದ್ದಳು ಆಕೆ. "ನೀವು ಮಾತ್ರ ಅವರನ್ನ ಬಿಟ್ಟು ಎಲ್ಲೂ ಹೋಗ್ಬೇಡಿ. ಪಾಪ."

ಒಂಬತ್ತನೇ ದಿನ, ತಿಂಡಿಯ ಸಾಲಿನಲ್ಲಿ, ಹೊಸ ಗಂಡು ತನ್ನ ಹೆಂಡತಿಗೆ "ನಮ್ಮ ಟವರ್ ಎಲ್ಲಿ?" ಎಂದದ್ದು ಮೇಷ್ಟ್ರ ಕಿವಿಗೆ ಬಿತ್ತು. ಟವರ್! ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಹಾಗಾದರೆ ಈ ನಗು, ಈ ಚೀಲ ಹೊರುವುದು, ಕಿಟಕಿ ಪಕ್ಕದ ಸೀಟು, ಎಲ್ಲ ಡೇಟಾಕ್ಕೇ?

ಕೊನೆಯ ದಿನ ಪರೀಕ್ಷೆ ಇಟ್ಟರು. ಬಂದರಿನ ಬಳಿಯ ಸಂತೆಯಲ್ಲಿ ಬಸ್ಸಿಳಿದವರೇ ಜೇಬಿನೊಳಗೇ ಹಾಟ್‌ಸ್ಪಾಟ್ ಆರಿಸಿ, ಯಾರಿಗೂ ಹೇಳದೆ ಮೊದಲ ಓಣಿಗೆ ನುಗ್ಗಿದರು.

ಹಿಂದೆ ದಡದಡ ಸದ್ದು. ಗೈಡಮ್ಮ, ಡಾಕ್ಟರು, ಅಕ್ಕತಂಗಿಯರು, ಜೋಡಿ, ಉಳಿದವರು. ಮೇಷ್ಟ್ರು ಎಡಕ್ಕೆ ತಿರುಗಿದರೆ ಎಲ್ಲರೂ ಎಡಕ್ಕೆ. ಟೋಪಿ ಅಂಗಡಿಗೆ ಹೊಕ್ಕರೆ ಹತ್ತು ಜನವೂ ಟೋಪಿ ಹಾಕಿ ನೋಡಿದರು. ಶೌಚಾಲಯದಿಂದ ಹೊರಬಂದರೆ ಬಾಗಿಲಲ್ಲೇ ಡಾಕ್ಟರು.

"ಏನ್ರೀ?"

"ಏನಿಲ್ಲ ಸಾರ್. ನೀವಿಲ್ದೆ ಹೊರಡೋದು ಹೇಗೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೂ ಬಿಡಲಿಲ್ಲ; ಮೂರು ಗಂಟೆ, ಇಪ್ಪತ್ತು ಓಣಿ. ಬೇಕರಿಯ ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತ ಬಂದಳು. ಇಂಟರ್‌ನೆಟ್ ಇಲ್ಲವೆಂದು ಒಬ್ಬರೂ ಗೊಣಗಲಿಲ್ಲ.

ವಿಮಾನಕ್ಕೆ ಮುಂಚಿನ ಊಟದ ಮೇಜಿನಲ್ಲಿ ಮೇಷ್ಟ್ರು ಎದ್ದು ನಿಂತರು.

"ನಾನು ನಿಮ್ಮನ್ನ ಪರೀಕ್ಷೆ ಮಾಡ್ದೆ. ಬೆಳಗ್ಗೆಯಿಂದ ಹಾಟ್‌ಸ್ಪಾಟ್ ಆಫ್. ಆದ್ರೂ ಒಬ್ಬರೂ ನನ್ನ ಬಿಟ್ಟು ಹೋಗ್ಲಿಲ್ಲ. ಡೇಟಾ ಇಲ್ದಿದ್ರೂ ನಾನು ಬೇಕು ಅಂತ..." ಕರವಸ್ತ್ರ ಹುಡುಕಿದರು.

ಹೊಸ ಹೆಣ್ಣು ತಟ್ಟೆಯೊಳಗೆ ಮುಖ ಹುದುಗಿಸಿದಳು.

"ಓಹೋ!" ಎಂದರು ಡಾಕ್ಟರು, ಊದಿದ ಪಾದ ನೀವಿಕೊಳ್ಳುತ್ತ. "ಅದಕ್ಕೇನಾ ಸಾರ್ ನೀವು ಹಾಗೆ ಹೊರಟಿದ್ದು!"

ಅಷ್ಟರಲ್ಲಿ ಡಾಕ್ಟರ ಫೋನು ಟಿಂಗ್ ಎಂದಿತು. ಅವರು ಬೆಚ್ಚಿ, ಅದನ್ನು ಮುಚ್ಚಿಡಲು ಹೋಗಿ, ಹೆಬ್ಬೆರಳು ಎಲ್ಲೋ ತಾಗಿಸಿದರು. ಮೇಷ್ಟ್ರ ಹೆಂಡತಿಯ ದನಿ ಹೋಟೆಲಿನ ತುಂಬ ಮೊಳಗಿತು:

"ಎಲ್ಲರಿಗೂ ನಮಸ್ಕಾರ, ವಿಮಾನ ಹತ್ತೋವರೆಗೆ ಇನ್ನೊಂಚೂರು ನಟಿಸ್ಬಿಡಿ, ನಿಮಗೆಲ್ಲ ಮೊದಲನೇ ದಿನವೇ ಸಿಮ್ ಸಿಕ್ಕಿದ್ದು, ಅವರ ಫೋನಿಗೆ ನಾನು ಪ್ಯಾಕೇ ಹಾಕ್ಸದೆ ಇರೋದು ಗೊತ್ತಾದ್ರೆ ಮನುಷ್ಯ ಹೊರಟುಬಿಡ್ತಾರೆ — ಜೊತೇಲಿರಿ ಅಂದ್ರೆ ಜನ್ಮದಲ್ಲಿ ಕೇಳಿದವರಲ್ಲ, ನಿಮ್ಮನ್ನೇ ನಂಬಿದ್ದೀವಿ ಅಂದ್ರೆ ಮಾತ್ರ ನಿಂತ ಕಡೆ ನಿಲ್ಲೋದು!"