ಒಡಪಿಗೊಂದು ವೆಪಾ

“ಹೆಸರ ಹೇಳದ ಒಳಗ ಬಿಡಂಗಿಲ್ಲ!”

ಮದುವೆ ಮುಗಿಸಿ ಕಡಲಾಚೆಯ ಕೆಂಡಲ್ ಪಾರ್ಕಿನ ಮನೆಗೆ ಬಂದ ಮಗಳು ರಕ್ಷಾ, ಅಳಿಯ ಎಡ್ವಿನ್ ಇಬ್ಬರಿಗೂ ನಂದಾ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು. ರಕ್ಷಾ ಗಂಡನ ಹೆಸರನ್ನು ಒಡಪಿನ ಪ್ರಾಸದಲ್ಲಿ ಪೋಣಿಸಿ ತನ್ನ ಸರದಿ ಮುಗಿಸಿದಳು. ಎಡ್ವಿನ್‌ನ ಕಿವಿ ಮಾತ್ರ ಬ್ಯಾಡಗಿ ಮೆಣಸಿನಕಾಯಿಯಾಗಿತ್ತು. ಕಂಠಪಾಠ ಮಾಡಿದ್ದ ಎರಡು ಸಾಲು ಕಂಠದಿಂದ ಹೊಟ್ಟೆಗಿಳಿದಿದ್ದವು.

ಒಳಗೆ ಗೋಡೆಗೊತ್ತಿ ನಿಂತಿದ್ದ ನಂದಾಳ ತಾಯಿ ಶಿವಗಂಗಮ್ಮನ ನಾಲಿಗೆ ತುರಿಸಿತು. ಮೊಮ್ಮಗಳಿಗೆ ಒಡಪು ಕಟ್ಟಿಕೊಟ್ಟವಳೇ ಆಕೆ. ಧಾರವಾಡದ ಓಣಿಯಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಆದರೆ ಗಂಡ ಹೋದ ಈ ಆರು ವರ್ಷದಲ್ಲಿ “ನೀವೊಂದ ಹೇಳ್ರಿ” ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಗಂಡನಿಲ್ಲದವಳ ಬಾಯಲ್ಲಿ ಗಂಡನ ಹೆಸರು ಕೇಳುವ ಪದ್ಧತಿಯಿಲ್ಲವಲ್ಲ!

“ವೆಪಾ!”

ಎಲ್ಲರೂ ಬೆಚ್ಚಿ ತಿರುಗಿದರು. ಸೋಫಾದಿಂದೆದ್ದವಳು ಎಡ್ವಿನ್‌ನ ಅಜ್ಜಿ ಮಿಗ್ದಾಲಿಯಾ. ಪೋರ್ಟೊರಿಕೋದ ಈ ಮುದುಕಿಗೆ ಸಾಲ್ಸಾ ಹಾಡಿನ ಕೂಗುಗಳೇ ಉಸಿರು. ತಾಳಿ ಕಟ್ಟುವಾಗಲೂ ‘ವೆಪಾ’, ಅಂದರೆ ಭಲೇ ಭಲೇ, ಎಂದು ಕೂಗಿ ಗಟ್ಟಿಮೇಳವನ್ನೇ ಮೆತ್ತಗಾಗಿಸಿದ್ದಳು. ಈಗ ಚಪ್ಪಾಳೆ ತಟ್ಟಿ, ಸೊಂಟ ಕುಣಿಸಿ, ನಿಂತ ನಿಲುವಿನಲ್ಲೇ ಸ್ಪ್ಯಾನಿಷ್ ಪ್ರಾಸ ಹೊಸೆದು, ಕೊನೆಗೆ “ಅನ್ಸೆಲ್ಮೋ!” ಎಂದು ಎದೆ ತಟ್ಟಿಕೊಂಡಳು.

“ಅಜ್ಜೀ, ಶೀ ಸೆಡ್ ಹರ್ ಹಸ್ಬೆಂಡ್ಸ್ ನೇಮ್!” ರಕ್ಷಾ ಬಾಗಿಲಾಚೆಯಿಂದ ಕಿರುಚಿದಳು.

“ಎಲ್ಲದಾನ ಆತ?”

“ಹೀ ಡೈಡ್, ಅಜ್ಜಿ. ಟೆನ್ ಇಯರ್ಸ್ ಆತು.”

ಶಿವಗಂಗಮ್ಮ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಮಿಗ್ದಾಲಿಯಾ, ಸಾಲ್ಸಾದಲ್ಲಿ ಹಾಡಿದವರು ಇನ್ನೊಬ್ಬರಿಗೆ ಸರದಿ ಒಪ್ಪಿಸುವಂತೆ, ಸೀದಾ ಬಂದು ಆಕೆಯ ಕೈಯನ್ನೇ ಎಳೆದಳು. “ದಾಲೆ, ಮಾಮಿ, ದಾಲೆ!”

“ಏನಂತಾಳವ್ವ?”

“ನಡೀಲಿ ಅಂತಾರ. ಇಟ್ಸ್ ಯುವರ್ ಟರ್ನ್!”

“ಬ್ಯಾಡವ್ವ... ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ,” ನಂದಾ ತಡವರಿಸಿದಳು.

“ಗೊತ್ತಿಲ್ಲದ್ದ ಛಲೋ ಆತು.” ಶಿವಗಂಗಮ್ಮ ಸೆರಗು ಸಿಕ್ಕಿಸಿದಳು.

“ಹಿಮ ಸುರಿಯೋ ಊರಾಗ ಒಲಿಯಿಲ್ಲ, ಇದ್ದಲಿಲ್ಲ;
ಸಿದ್ದಲಿಂಗಯ್ಯನೋರ ಹೆಸರ ಹೊದ್ದರ ನನಗ ಚಳಿಯಿಲ್ಲ!”

ಮನೆ ಮುಗಿಲಿಗೇರಿತು. ನಂದಾ ಕಣ್ಣೊರೆಸಿಕೊಳ್ಳಲು ಅಡ್ಡ ಹಿಡಿದ ಕೈ ತೆಗೆದಳು. ಇದೇ ಸಮಯವೆಂದು ಎಡ್ವಿನ್ ಬಲಗಾಲು ಎತ್ತಿದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ, ಹೋದ ಚಳಿಗಾಲದಲ್ಲಿ ಗಂಡನನ್ನು ಕಳೆದುಕೊಂಡ ನೆರೆಮನೆಯ ಪಂಕಜಾ ಆಂಟಿ ಕೈಯೆತ್ತಿದರು.

“ತಡೀಪಾ ಅಳಿಯ... ನಂದೂ ಒಂದೈತಿ.”