ಬಾಗಿಲಿನ ಅಳತೆ

ಬಿಡಿಭಾಗಗಳ ಕಿಟ್ ತರಿಸಿ ಯಾರೋ ಮನೆಯಲ್ಲೇ ಜೋಡಿಸಿದ್ದ ಹಳೆಯ ಕಾರು ಅದು. ಅದಕ್ಕೆ ಹೊಸ ಮಾದರಿಯ ಫೈಬರ್ ಬಾಡಿ ಕೂರಿಸುವ ಕೆಲಸ ಹುಬ್ಬಳ್ಳಿಯ ಬಸಲಿಂಗಪ್ಪ ಮಿಸ್ತ್ರಿಗೆ ಬಂದಿತ್ತು. ಬಾನೆಟ್ ಸಲೀಸಾಗಿ ಕೂತಿತು, ಬಾಗಿಲು ಮಾತ್ರ ಕೂರಲೊಲ್ಲದಾಯಿತು. ಹಳೆಯ ಬಾಗಿಲಿನ ಜಾಗವನ್ನು ಕಾರಿನ ತಳದವರೆಗೂ ಕೊಯ್ದಿದ್ದರು, ಇಬ್ಬರು ಒಟ್ಟಿಗೆ ನುಗ್ಗುವಷ್ಟು ಅಗಲವಾಗಿ.

“ಎಮ್ಮಿ ಹತ್ತಸಾಕ ಕಟ್ಟ್ಯಾರೇನಿದನ್ನ?” ಎಂದು ನಕ್ಕು ಕಾರಿನ ಒಡತಿಗೆ ಫೋನು ಹಚ್ಚಿದ. “ಅಕ್ಕಾರ, ಇದನ್ನ ಕಟ್ಟಿದ ಜಾಣ ಯಾರ್ರಿ?”

“ನಾನ.”

“ಅದಕ್ಕ ಹಿಂಗಾಗೇತಿ ಬಿಡ್ರಿ.”

“ಆ ಜಾಗಾ ಹಂಗ ಇರ್ಲಿ. ಹೊಸಾ ಬಾಗಿಲಾನ ಅದರ ಅಳತಿಗೆ ಮಾಡ್ರಿ.”

“ಮೂವತ್ತು ವರ್ಷ ಆತ್ರಿ ಈ ಕೆಲಸಾ ಹಿಡದು. ಅಡಗಿಮನ್ಯಾಗ ಕುಂತು ನನಗ ಅಳತಿ ಹೇಳಬ್ಯಾಡ್ರಿ,” ಎಂದು ಫೋನಿಟ್ಟ.

ತಳಕ್ಕೆ ಮೊಳದೆತ್ತರದ ಕಬ್ಬಿಣದ ಪಟ್ಟಿ ಅಡ್ಡ ಹಾಕಿ ವೆಲ್ಡಿಂಗ್ ಮಾಡಿದ. ಅಗಲವನ್ನೂ ಕಿರಿದು ಮಾಡಿದ. ಹೊಸ ಬಾಗಿಲು ಕೂದಲೆಳೆಯ ಸಂದೂ ಇಲ್ಲದೆ ಟಪ್ಪೆಂದು ಮುಚ್ಚಿಕೊಂಡಿತು.

ಮರುದಿನ ಗ್ಯಾರೇಜಿನ ಮುಂದೆ ಆಟೋ ನಿಂತಿತು. ಮಿಸ್ತ್ರಿ ಠೀವಿಯಿಂದ ಕಾರಿನ ಬಾಗಿಲು ತೆರೆದು ಹಿಡಿದ. “ಬರ್ರಿ ಅಕ್ಕಾರ, ಗಾಡಿ ಅಂದ್ರ ಹಿಂಗಿರಬೇಕು ನೋಡ್ರಿ!”

ಆಟೋದಿಂದ ಮೊದಲು ಎರಡು ಊರುಗೋಲು ಹೊರಬಂದವು. ಆಮೇಲೆ, ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಸರಳು ಬಿಗಿದ, ಮಡಚಲು ಬಾರದ ಎಡಗಾಲನ್ನು ನೇರ ಚಾಚಿಕೊಂಡು ಅವಳು ಇಳಿದಳು. ಕಾರಿನ ಹತ್ತಿರ ಬಂದು ಅಡ್ಡಪಟ್ಟಿಯನ್ನು ಊರುಗೋಲಿನಿಂದ ಮೆಲ್ಲಗೆ ತಟ್ಟಿದಳು.

“ಛಲೋ ಕೂಡಿಸೀರಿ, ಮಿಸ್ತ್ರಿ. ಈಗ ನನ್ನ ಕಾಲೂ ಮಡಚಿಕೊಡ್ರಿ.”